ಗಲ್ಲಾದಾಗಿನ ರೊಕ್ಕ ಎಲ್ಲಾ ನಮ್ಮದಲ್ಲ

ಪುಣೆಯಲ್ಲಿ ಸಣ್ಣ ಅಂಗಡಿಯವರ ತೆರಿಗೆ ಬದಲಾದಾಗಲೆಲ್ಲ ನನಗೊಂದಿಷ್ಟು ಕೆಲಸ ಸಿಗುತ್ತದೆ. ಹಾಗಂತ ನಾನು ಸಿಎ ಅಲ್ಲ, ವಕೀಲನೂ ಅಲ್ಲ. ನಾರಾಯಣ ಪೇಠೆಯ ಓಣಿಯೊಂದರಲ್ಲಿ ಪುಟ್ಟ ಪ್ರೆಸ್ಸು ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಗಣಪತಿ ಹಬ್ಬದ ವರ್ಗಣಿ ಪುಸ್ತಕ (ನಮ್ಮಲ್ಲಿ ಪಟ್ಟಿ ಎತ್ತೋದು ಅಂತಾರಲ್ಲ, ಅದೇ), ಇವೆಲ್ಲಕ್ಕಿಂತ ಹೆಚ್ಚಾಗಿ ಬಿಲ್ ಬುಕ್ಕು. ಸರ್ಕಾರ ತೆರಿಗೆಯ ಹೆಸರು ಬದಲಿಸಿದರೆ ಬಿಲ್ಲಿನ ತಲೆಬರಹ ಬದಲಾಗಬೇಕು, ನಂಬರು ಬದಲಾಗಬೇಕು. ಹಳೇ ಪುಸ್ತಕ ರದ್ದಿಗೆ, ಹೊಸ ಆರ್ಡರು ನನಗೆ!

ಇಂಡಿ ತಾಲೂಕಿನಿಂದ ಸೊಲ್ಲಾಪುರ ಮಾರ್ಗವಾಗಿ ಈ ಊರಿಗೆ ಬಂದಿಳಿದಾಗ ಪುಣೆಯ ಸುತ್ತ ಜಕಾತಿ ನಾಕಾಗಳಿದ್ದವು. ಊರೊಳಗೆ ಬರುವ ಪ್ರತಿ ಲಾರಿಯೂ ಅಲ್ಲಿ ನಿಂತು, ಪಾವತಿ ಹರಿಸಿಕೊಂಡೇ ಮುಂದೆ ಬರಬೇಕಿತ್ತು. ಬಿಲ್ಲಿನ ಮೇಲೆ ಆಗ ಮುಂಬೈ ಸೇಲ್ಸ್ ಟ್ಯಾಕ್ಸಿನ ನಂಬರು. 2005ರ ಏಪ್ರಿಲ್ 1ಕ್ಕೆ ವ್ಯಾಟ್ ಬಂತು. 2013ರ ಏಪ್ರಿಲ್ 1ಕ್ಕೆ ಪುಣೆಯ ಜಕಾತಿ ಹೋಗಿ ಎಲ್‌ಬಿಟಿ ಬಂತು, ಅಂದರೆ ಸ್ಥಳೀಯ ಸಂಸ್ಥೆ ಕರ. ಆ ಏಪ್ರಿಲ್ ಇಲ್ಲಿದ್ದವರಿಗೆ ನೆನಪಿರುತ್ತದೆ. ವ್ಯಾಪಾರಿಗಳು ಬಂದ್ ಮಾಡಿ ಶಟರು ಎಳೆದು ಕುಳಿತರು, ಲಕ್ಷ್ಮೀ ರಸ್ತೆ ಹಗಲಲ್ಲೇ ಬಿಕೋ ಅನ್ನುತ್ತಿತ್ತು. ನಾಕಾದಲ್ಲಿ ಲಾರಿಯವನು ಕಟ್ಟುತ್ತಿದ್ದ ತೆರಿಗೆಯನ್ನು ಇನ್ನು ಅಂಗಡಿಯವನೇ ಲೆಕ್ಕ ಬರೆದು ಕಟ್ಟಬೇಕು, ಮಹಾನಗರಪಾಲಿಕೆಯವರು ಬಂದು ನಮ್ಮ ವಹಿ ನೋಡುತ್ತಾರೆ ಅನ್ನುವುದೇ ಅವರ ಸಿಟ್ಟು. 2015ರ ಆಗಸ್ಟಿನಲ್ಲಿ 50 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ಅದು ರದ್ದಾಯಿತು, ಉಳಿದದ್ದನ್ನು ಜಿಎಸ್‌ಟಿ ನುಂಗಿತು.

2017ರ ಜೂನ್ ತಿಂಗಳಂತೂ ಕೇಳಬೇಡಿ. ಜುಲೈ 1ರಿಂದ ಹದಿನೈದು ಅಂಕಿಯ ಹೊಸ ನಂಬರು. ಎಲ್ಲರಿಗೂ ಬಿಲ್ ಬುಕ್ಕು ನಾಳೆಯೇ ಬೇಕು! ರಾತ್ರಿ ಎರಡರವರೆಗೆ ಮಷೀನು ಓಡಿಸಿದೆವು. ಆ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು, ಆಮೇಲಿನ ಹತ್ತು ಪ್ಯಾನ್ ನಂಬರು. ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ನನ್ನದು 27ರಿಂದ ಶುರುವಾಗುತ್ತದೆ, ಊರಲ್ಲಿ ಗೊಬ್ಬರದಂಗಡಿ ಇಟ್ಟ ತಮ್ಮನದು 29ರಿಂದ. ರೇಷನ್ ಕಾರ್ಡು ಬದಲಾದಾಗಲೂ ಅನಿಸದೇ ಇದ್ದದ್ದು ಅವತ್ತು ಅನಿಸಿತು ನೋಡಿ, ನಾನು ಪೂರ್ತಿ ಈ ಕಡೆಯವನಾದೆ ಅಂತ.

ಇಷ್ಟು ವರ್ಷ ಬೇರೆಯವರ ಬಿಲ್ಲು ಅಚ್ಚು ಹಾಕುತ್ತ, ಗಲ್ಲಾದ ಆಚೆ ನಿಂತು ಅವರ ಸಂಕಟ ಕೇಳುತ್ತ ನನಗೊಂದು ಸಂಗತಿ ತಿಳಿದಿದೆ. ಸಣ್ಣ ವ್ಯಾಪಾರಿ ತೆರಿಗೆ ಅಂದಕೂಡಲೇ ‘ನನ್ನ ರೊಕ್ಕ ಸರ್ಕಾರ ಒಯ್ಯತದ’ ಅಂತಾನೆ. ಅವನ ಗಲ್ಲಾ ತೆಗೆದು ನೋಡಿದರೆ, ಅಲ್ಲಿರುವ ಬಹುಪಾಲು ತೆರಿಗೆ ದುಡ್ಡು ಅವನದಲ್ಲವೇ ಅಲ್ಲ.

ಒಂದು ಹೋಟೆಲು ತಗೊಳ್ಳಿ. ಪುಣೆಯಲ್ಲಿ ನಮ್ಮವರು ಅಂದರೆ ಮೊದಲು ಹೋಟೆಲೇ ತಾನೆ. ಕುಂದಾಪುರದವರಿರಲಿ, ಕಾರ್ಕಳದವರಿರಲಿ, ಗಲ್ಲಾದಲ್ಲಿ ಕೂತವರನ್ನು ಇಲ್ಲಿನವರು ಕರೆಯುವುದು ‘ಅಣ್ಣಾ’ ಅಂತಲೇ. ಅಣ್ಣನ ಹೋಟೆಲಿನಲ್ಲಿ ತಿಂಗಳಿಗೆ ಆರು ಲಕ್ಷ ವ್ಯಾಪಾರ ಅನ್ನೋಣ. ಮಾಮೂಲಿ ಪದ್ಧತಿಯಲ್ಲಿ ನೋಂದಾಯಿಸಿದ್ದರೆ ಗಿರಾಕಿಯಿಂದ ಮೇಲೆ ಶೇಕಡಾ 5ರಂತೆ 30 ಸಾವಿರ ಬಂದಿರುತ್ತದೆ. ಆ 30 ಸಾವಿರ ಅಣ್ಣನ ಗಲ್ಲಾದಲ್ಲಿ ಬರೇ ವಸ್ತಿ ಇದೆ, ಮುಂದಿನ ತಿಂಗಳು 20ನೇ ತಾರೀಕಿಗೆ ಹೋಗಬೇಕಾದದ್ದು. ಆದರೆ ಎಂಟನೇ ತಾರೀಕಿಗೆ ಹಾಲಿನವನು ಬರುತ್ತಾನೆ, ಹತ್ತಕ್ಕೆ ಜಾಗದ ಮಾಲಕ ಬರುತ್ತಾನೆ. ಗಲ್ಲಾದೊಳಗೆ ನೋಟಿಗೆ ನೋಟು ಬೆರೆತಿರುತ್ತದೆ, ಯಾವುದು ದೋಸೆಯದು ಯಾವುದು ಸರ್ಕಾರದ್ದು ಅಂತ ಅದರ ಮೇಲೆ ಬರೆದಿರುತ್ತದೆಯೇ? 20ಕ್ಕೆ ಕಟ್ಟಲಾಗದಿದ್ದರೆ ವರ್ಷಕ್ಕೆ ಶೇಕಡಾ 18ರ ಬಡ್ಡಿ, ಜೊತೆಗೆ ದಿನಲೆಕ್ಕದಲ್ಲಿ ತಡದ ಶುಲ್ಕ. ನಮ್ಮ ಪರಿಚಯದ ಒಬ್ಬ ಮಾಲಕರು ಇದಕ್ಕೊಂದು ಸರಳ ಉಪಾಯ ಮಾಡಿದ್ದಾರೆ. ಇನ್ನೊಂದು ಬ್ಯಾಂಕಿನಲ್ಲಿ ಬೇರೆ ಖಾತೆ, ಪ್ರತಿ ಸೋಮವಾರ ಹಿಂದಿನ ವಾರದ ಬಿಲ್ಲಿನ ತೆರಿಗೆಯನ್ನು ಲೆಕ್ಕ ಹಾಕಿ ಅಲ್ಲಿಗೆ ಕಳಿಸಿಬಿಡುತ್ತಾರೆ. ‘ಅದು ದೇವರ ಹುಂಡಿ ಇದ್ದ ಹಾಗೆ ಮಾರಾಯ್ರೆ, ಕೈ ಹಾಕಲಿಕ್ಕಿಲ್ಲ’ ಅಂತಾರೆ. ಅವರಿಗೆ ಎಷ್ಟು ಜನ ನಗುತ್ತಾರೋ ಅಷ್ಟೇ ಜನ 19ನೇ ತಾರೀಕಿಗೆ ಅವರ ಹತ್ತಿರವೇ ಕೈಗಡ ಕೇಳಲು ಬರುತ್ತಾರೆ.

ಇನ್ನೊಂದು ದಾರಿ ಕಾಂಪೊಸಿಷನ್ ಸ್ಕೀಮು. ವರ್ಷಕ್ಕೆ ಒಂದೂವರೆ ಕೋಟಿಯ ಒಳಗಿನವರಿಗೆ. ವ್ಯಾಪಾರಿಯಾದರೆ ಶೇಕಡಾ 1, ಹೋಟೆಲಾದರೆ ಶೇಕಡಾ 5, ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಆದರೆ ಅದನ್ನು ಗಿರಾಕಿಯ ಬಿಲ್ಲಿಗೆ ಹಚ್ಚುವಂತಿಲ್ಲ, ತನ್ನ ಕಿಸೆಯಿಂದ ಕೊಡಬೇಕು. ಬಿಲ್ಲಿನ ನೆತ್ತಿಯ ಮೇಲೆ ‘ಕಾಂಪೊಸಿಷನ್ ತೆರಿಗೆದಾರ, ತೆರಿಗೆ ವಸೂಲಿಗೆ ಅರ್ಹನಲ್ಲ’ ಅನ್ನುವ ಅರ್ಥದ ಸಾಲನ್ನು ಅಚ್ಚು ಹಾಕಲೇಬೇಕು, ಬೋರ್ಡಿನ ಮೇಲೂ ಬರೆಸಬೇಕು. ಒಬ್ಬ ಗಿರಾಕಿ ಬಂದರು, ಕಾಂಪೊಸಿಷನ್ನಿನವರು. ಆ ಸಾಲು ತೆಗೆದು ಕೆಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡು ಕಾಲಂ ಹಾಕಿಕೊಡಿ ಅಂದರು. ಸರ್ಕಾರಕ್ಕೆ ಒಂದು, ಗಿರಾಕಿಗೆ ಇನ್ನೊಂದು! ನಾನು ಆ ಆರ್ಡರು ತಗೊಳ್ಳಲಿಲ್ಲ. ಅಪ್ಪಾ ಬಳವಂತ ಚೌಕದಿಂದ ನನ್ನ ಅಂಗಡಿವರೆಗೆ ಪ್ರೆಸ್ಸುಗಳಿಗೇನು ಬರಗಾಲವೇ, ಬೇರೆ ಯಾರೋ ಹಾಕಿಕೊಟ್ಟಿರುತ್ತಾರೆ. ನೀವು ಹೋಟೆಲಿನಲ್ಲಿ ತಿಂದಮೇಲೆ ಬಿಲ್ಲಿನ ನೆತ್ತಿಯನ್ನೂ ಒಮ್ಮೆ ನೋಡಿ ಅಂತ ಇದನ್ನು ಹೇಳಿದೆ.

ಆದಾಯ ತೆರಿಗೆಯ ಬಗ್ಗೆ ನನಗೆ ಅಷ್ಟು ದೂರಿಲ್ಲ. ಎರಡು ಕೋಟಿಯೊಳಗಿನ ವ್ಯಾಪಾರಕ್ಕೆ ಶೇಕಡಾ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇಕಡಾ 6 ಲಾಭ ಅಂತ ಹಿಡಿದು ಮುಗಿಸುವ ಸವಲತ್ತಿದೆ. ನಗದು ಶೇಕಡಾ 5ರ ಒಳಗಿದ್ದರೆ ಮೂರು ಕೋಟಿಯವರೆಗೂ ನಡೆಯುತ್ತದೆ. ಅದು ನಿಜವಾಗಿ ನಮ್ಮ ದುಡ್ಡಿನ ಮೇಲಿನ ತೆರಿಗೆ, ಅದನ್ನು ಬೈಯುತ್ತ ಕಟ್ಟುವ ಹಕ್ಕು ನಮಗಿದೆ ಬಿಡಿ.

ನನಗೆ ಕುತೂಹಲ ಹುಟ್ಟಿಸುವುದು ಸಣ್ಣದೊಂದು ತೆರಿಗೆ, ಪಿಟಿ. ವೃತ್ತಿ ತೆರಿಗೆ. ಮಹಾರಾಷ್ಟ್ರದಲ್ಲಿ 1975ರಿಂದ ಇದೆ. ಮಾಲಕನಾದವನು ತನ್ನ ಹೆಸರಲ್ಲಿ ವರ್ಷಕ್ಕೆ 2500 ರೂಪಾಯಿ ಕಟ್ಟಬೇಕು. ಇದಲ್ಲದೆ ಕೆಲಸಗಾರರ ಸಂಬಳದಲ್ಲಿ ಹಿಡಿದು ಕಟ್ಟುವುದಕ್ಕೆ ಬೇರೆ ನೋಂದಣಿ. ತಿಂಗಳಿಗೆ 10 ಸಾವಿರ ಮೀರಿದ ಗಂಡಾಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300. ಹೆಣ್ಣುಮಕ್ಕಳಿಗೆ 2023ರಿಂದ 25 ಸಾವಿರದವರೆಗೆ ಇಲ್ಲ. ವರ್ಷಕ್ಕೆ 2500ಕ್ಕಿಂತ ಹೆಚ್ಚು ಹಾಕಬಾರದೆಂದು ಸಂವಿಧಾನದಲ್ಲೇ ಬರೆದಿದೆ. ಈ ತೆರಿಗೆ ಹುಟ್ಟಿದ್ದು ಉದ್ಯೋಗ ಖಾತರಿ ಯೋಜನೆಗೆ ದುಡ್ಡು ಹೊಂದಿಸಲು. 72ರ ಬರ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಆ ಬರದ ಹೊತ್ತಿಗೆ ಇಲ್ಲಿ ಶುರುವಾದ ಕಲ್ಲು ಒಡೆಯುವ, ಕೆರೆ ತೋಡುವ ಕೆಲಸವನ್ನು ಮುಂದೆ ಕಾಯಂ ಮಾಡಿದಾಗ, ಅದರ ಖರ್ಚಿಗೆ ಪೇಟೆಯ ಸಂಬಳದವರೂ ಅಂಗಡಿಯವರೂ ಪಾಲು ಕೊಡಲಿ ಅಂತ ಬಂದದ್ದು ಇದು. ಅದು ತಿಳಿದ ಮೇಲೆ ಆ 2500ನ್ನು ನಾನು ಬೈಯುತ್ತ ಕಟ್ಟಿಲ್ಲ.

ಆದರೆ ಊರಿಂದ ಬಂದ ಹುಡುಗರಿಗೆ ಅದು ಬೇರೆಯೇ ಕಾಣುತ್ತದೆ. ಕರ್ನಾಟಕದಲ್ಲಿ 2023ರ ಏಪ್ರಿಲಿನಿಂದ 25 ಸಾವಿರದ ಕೆಳಗಿನ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ವಿಜಯಪುರದಲ್ಲಿ 18 ಸಾವಿರಕ್ಕೆ ದುಡಿಯುವ ಹುಡುಗನಿಗೆ ಒಂದು ಪೈಸೆ ಹಿಡಿಯುವುದಿಲ್ಲ, ಅದೇ ಸಂಬಳಕ್ಕೆ ಪುಣೆಯಲ್ಲಿ 2500. ‘ಕಾಕಾ, ಇಲ್ಲಿಗೆ ಬಂದಿದ್ದಕ್ಕ ದಂಡ ಏನ್ರೀ?’ ಅಂತ ನನ್ನ ಹುಡುಗನೊಬ್ಬ ಕೇಳಿದ. ದಂಡ ಅಲ್ಲಪ್ಪ, ಕಾನೂನು ಹಂಗೈತಿ ಅಂದೆ. ಆ 200 ರೂಪಾಯಿ ಹಿಡಿದು ಅದನ್ನು ಕಟ್ಟದೇ ಇಟ್ಟುಕೊಳ್ಳುವ ಮಾಲಕರಿದ್ದಾರಲ್ಲ, ಅವರಿಗೆ ಏನನ್ನಬೇಕೋ ನನಗೆ ಗೊತ್ತಿಲ್ಲ. ಅದು ಸರ್ಕಾರದ್ದೂ ಅಲ್ಲ, ನಮ್ಮದೂ ಅಲ್ಲ, ಹದಿನೆಂಟು ಸಾವಿರದವನ ಕಿಸೆಯದು.

ತೆರಿಗೆ ಕಟ್ಟದಿದ್ದರೆ ನೋಟಿಸಾದರೂ ಬರುತ್ತದೆ. ವಿಮೆ ಮಾಡಿಸದಿದ್ದರೆ ಯಾವ ಕಾಗದವೂ ಬರುವುದಿಲ್ಲ, ಯಾರೂ ಬಾಗಿಲು ಬಡಿಯುವುದಿಲ್ಲ. ಹತ್ತು ವರ್ಷ ಸುಮ್ಮನೆ ಹೋಗಿಬಿಡುತ್ತದೆ.

ಸುಮಾರು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ತಾಲೂಕಿನ ಹುಡುಗನೊಬ್ಬ, ಇಪ್ಪತ್ತರ ಆಸುಪಾಸು, ಇಲ್ಲಿನ ಹೋಟೆಲೊಂದರಲ್ಲಿ ಅಡುಗೆಮನೆಗೆ ಸೇರಿದ್ದ. ವಡೆ ಕರಿಯುವ ಬಾಣಲೆ ವಾಲಿ ಕಾದ ಎಣ್ಣೆ ತೊಡೆಯಿಂದ ಪಾದದವರೆಗೆ ಸುರಿಯಿತು. ಮಾಲಕರು ಕೆಟ್ಟವರೇನಲ್ಲ. ತಾವೇ ರಿಕ್ಷಾದಲ್ಲಿ ಹಾಕಿಕೊಂಡು ಖಾಸಗಿ ಆಸ್ಪತ್ರೆಗೆ ಒಯ್ದರು, ಮೊದಲ ಬಿಲ್ಲು ಕಟ್ಟಿದರು, ಎರಡನೆಯದನ್ನೂ ಕಟ್ಟಿದರು. ಮೂರನೆಯದಕ್ಕೆ ಅವರ ಹತ್ತಿರವೇ ಇರಲಿಲ್ಲ. ಹೋಟೆಲಿನ ಮಸ್ಟರಿನಲ್ಲಿ ಎಂಟು ಹೆಸರು, ಅಡುಗೆಮನೆ ಹೊರಗೆ ಒಳಗೆ ಸೇರಿ ಹದಿನಾಲ್ಕು ಮಂದಿ. ಈ ಹುಡುಗ ಆ ಎಂಟರಲ್ಲಿ ಇರಲಿಲ್ಲ. ಇಎಸ್‌ಐ ಇಲ್ಲ, ವಿಮೆ ಇಲ್ಲ, ಸಂಬಳ ಕೈಯಲ್ಲಿ ನಗದು. ಕಾಗದದ ಪ್ರಕಾರ ಅವನು ಆ ಹೋಟೆಲಿನಲ್ಲಿ ಕೆಲಸವನ್ನೇ ಮಾಡಿರಲಿಲ್ಲ.

ಅವನ ಅಪ್ಪ ಊರಿಂದ ಬಂದು ನನ್ನ ಪ್ರೆಸ್ಸಿನಲ್ಲಿ ಕೂತರು. ಪರಿಹಾರಕ್ಕೆ ಕೇಸು ಹಾಕಬಹುದು, ಕೆಲಸ ಮಾಡಿದ್ದಕ್ಕೆ ಸಾಕ್ಷಿ ಹೇಳಲು ಜೊತೆಯ ಹುಡುಗರು ಬೇಕು ಅಂತ ನನಗೆ ಗೊತ್ತಿದ್ದ ವಕೀಲರು ಹೇಳಿದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, ‘ಬ್ಯಾಡ್ರಿ. ನಮ್ಮೂರಿನವು ಇನ್ನೂ ಮೂರು ಹುಡುಗ್ರು ಅಲ್ಲೇ ಅದಾವ. ಅವ್ರ ಹೊಟ್ಟಿಮ್ಯಾಲ ಹೊಡಿಯೂದು ಆಗ್ತದ.’ ಯಾರೋ ನಡುವೆ ನಿಂತು ಒಂದಿಷ್ಟು ದುಡ್ಡು ಕೊಡಿಸಿದರು. ಹುಡುಗ ಊರಿಗೆ ಹೋದ. ಈಗ ಚಹಾದ ಗಾಡಿ ಇಟ್ಟಿದ್ದಾನೆ, ಬಲಗಾಲು ಪೂರ್ತಿ ಮಡಿಸಲು ಬರುವುದಿಲ್ಲ.

ನಾವು ಪರಊರಿನ ವ್ಯಾಪಾರಿಗಳು ಆಳುಗಳನ್ನು ಪೇಪರಿನಲ್ಲಿ ಜಾಹೀರಾತು ಕೊಟ್ಟು ತರುವುದಿಲ್ಲ. ಭಾವನ ಮಗ, ಜಾತ್ರೆಯಲ್ಲಿ ಸಿಕ್ಕವರ ತಮ್ಮ, ಹಿಂದಿನವನು ಬಿಟ್ಟುಹೋಗುವಾಗ ಕಳಿಸಿದವನು, ಹೀಗೆ ಬರುತ್ತಾರೆ. ಅವರ ಅಪ್ಪ ಅಮ್ಮ ನಮ್ಮ ಮಾತಿನ ಮೇಲೆ ಕಳಿಸಿರುತ್ತಾರೆ. ಆ ಸಲಿಗೆಯೇ ಕಾಗದಕ್ಕೆ ಅಡ್ಡಿಯಾಗುತ್ತದೆ. ‘ನಮ್ಮ ಹುಡುಗನೇ, ಅವನಿಗೇನು ಮಸ್ಟರು’ ಅನ್ನುತ್ತೇವೆ. ಏನಾದರೂ ಆದಮೇಲೆ ಅದೇ ಸಲಿಗೆ ಅವರ ಬಾಯಿ ಕಟ್ಟುತ್ತದೆ.

ಲೆಕ್ಕ ಕೇಳಿ. ಇಎಸ್‌ಐ ಇರುವಲ್ಲಿ 21 ಸಾವಿರದವರೆಗಿನ ಸಂಬಳಕ್ಕೆ ಮಾಲಕನ ಪಾಲು ಶೇಕಡಾ 3.25, ಕೆಲಸಗಾರನದು 0.75, 2019ರ ಜುಲೈನಿಂದ ಇದೇ ದರ. 15 ಸಾವಿರದ ಹುಡುಗನಿಗೆ ಮಾಲಕ ಕೊಡುವುದು ತಿಂಗಳಿಗೆ 488 ರೂಪಾಯಿ. ಅಷ್ಟಕ್ಕೆ ಬಿಬವೇವಾಡಿಯದೋ ಚಿಂಚವಡದ್ದೋ ಇಎಸ್‌ಐ ಆಸ್ಪತ್ರೆ, ಕೆಲಸದಲ್ಲಿ ಪೆಟ್ಟಾಗಿ ಮಲಗಿದರೆ ಕೂಲಿಯ ಶೇಕಡಾ 90. ಆ ಆಸ್ಪತ್ರೆಗಳ ಸಾಲು, ಚೀಟಿ, ಕಾಯುವುದು ಎಲ್ಲಾ ನಿಜ, ಆದರೆ ಮೂರನೇ ಬಿಲ್ಲು ಅಂತ ಒಂದು ಅಲ್ಲಿ ಬರುವುದಿಲ್ಲ.

ಇಎಸ್‌ಐ ಹತ್ತದ ಸಣ್ಣ ಅಂಗಡಿಯಾದರೆ ಕೆಲಸದಲ್ಲಿ ಆದ ಅನಾಹುತದ ಪರಿಹಾರ ನೇರ ಮಾಲಕನ ತಲೆಯ ಮೇಲೆ. 1923ರ ಕಾಯ್ದೆಯಿಂದ ನಡೆದು ಬಂದದ್ದು ಅದು, 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿತು. ಹೊಣೆ ಮಾತ್ರ ಬದಲಾಗಲಿಲ್ಲ. ಕೆಲಸದಲ್ಲಿ ಜೀವ ಹೋದರೆ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಇಪ್ಪತ್ತರ ಹುಡುಗನಿಗೆ ಆ ಅಂಕಿ 224. ಅಂದರೆ 15 ಸಾವಿರ ಸಂಬಳಕ್ಕೆ 7500 ಗುಣಿಸು 224, ಹದಿನಾರು ಲಕ್ಷ ಎಂಬತ್ತು ಸಾವಿರ. ನಮ್ಮಂಥ ಯಾವ ಅಂಗಡಿ ಇದನ್ನು ಗಲ್ಲಾದಿಂದ ಎಣಿಸಿಕೊಡುತ್ತದೆ? ಇದಕ್ಕೆ ವಿಮಾ ಕಂಪನಿಗಳಲ್ಲಿ ಪಾಲಿಸಿ ಇದೆ. ನಾಲ್ಕೈದು ಜನರ ಅಂಗಡಿಗೆ ವರ್ಷಕ್ಕೆ ಕೆಲವು ಸಾವಿರದ ಮಾತು, ದೀಪಾವಳಿಯ ಮಿಠಾಯಿ ಡಬ್ಬಿಗಳಿಗೆ ಹಾಕುವಷ್ಟು.

ಬೆಂಕಿ ವಿಮೆ ಇದೆಯಲ್ಲ ಅಂತ ಕೆಲವರು ನಿಶ್ಚಿಂತರಾಗಿರುತ್ತಾರೆ. ಅದು ಸಾಮಾನಿಗೆ, ಮನುಷ್ಯರಿಗಲ್ಲ. 2016ರ ಡಿಸೆಂಬರ್ 30ರ ಬೆಳಗಿನ ಜಾವ ಕೊಂಢವಾದ ಬೇಕರಿಯೊಂದಕ್ಕೆ ಬೆಂಕಿ ಬಿದ್ದು ಒಳಗೆ ಮಲಗಿದ್ದ ಆರು ಕೆಲಸಗಾರರು ಸತ್ತರು. ಹೊರಗಿನಿಂದ ಬೀಗ ಹಾಕಿತ್ತು. 2019ರ ಮೇ ತಿಂಗಳಲ್ಲಿ ಉರುಳಿ ದೇವಾಚಿಯ ಸೀರೆ ಅಂಗಡಿಯಲ್ಲಿ ಐವರು, ಅಲ್ಲೂ ಅದೇ ಕಥೆ. ನಮ್ಮ ಎಷ್ಟು ಹೋಟೆಲು, ಬೇಕರಿ, ಅಂಗಡಿಗಳಲ್ಲಿ ಹುಡುಗರು ಮಾಳಿಗೆಯ ಮೇಲೆ ಮಲಗುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೀಗ ಹಾಕಬೇಡಿ ಅನ್ನುವುದಕ್ಕೆ ಯಾವ ಪಾಲಿಸಿಯೂ ಬೇಕಾಗಿಲ್ಲ.

ಸಾಮಾನಿನ ವಿಮೆಯ ಮಾತಿಗೆ ಬಂದರೆ, 2021ರ ಏಪ್ರಿಲ್ 1ರಿಂದ ಐದು ಕೋಟಿಯೊಳಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಅಂತ ಒಂದೇ ನಮೂನೆಯ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ನೆರೆ, ಗಲಭೆ ಎಲ್ಲ ಒಳಗೇ. ಪುಣೆಯಲ್ಲಿ ನೆರೆ ಯಾಕೆ ಅನ್ನಬೇಡಿ. 1961ರ ಜುಲೈ 12ಕ್ಕೆ ಪಾನಶೇತ್ ಅಣೆಕಟ್ಟು ಒಡೆದು ನಮ್ಮ ನಾರಾಯಣ ಪೇಠೆ ಮುಳುಗಿತ್ತು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಳಬರು ಈಗಲೂ ಗೋಡೆ ತೋರಿಸುತ್ತಾರೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿ ಇಪ್ಪತ್ತಕ್ಕೂ ಹೆಚ್ಚು ಜೀವ ಹೋದವು. ದಾಂಡೇಕರ್ ಪುಲದ ಬಳಿ ನನಗೆ ಬೈಂಡಿಂಗ್ ಮಾಡಿಕೊಡುವವರ ಅಂಗಡಿಯಲ್ಲಿ ಕಾಗದದ ರೀಮುಗಳು ಉಬ್ಬಿ ಮುದ್ದೆಯಾಗಿದ್ದವು. ಅವರಿಗೆ ಪಾಲಿಸಿ ಇತ್ತು. ಹತ್ತು ಲಕ್ಷದ ಸಾಮಾನಿಗೆ ಪ್ರೀಮಿಯಂ ಉಳಿಸಲೆಂದು ಐದು ಲಕ್ಷಕ್ಕೆ ಮಾಡಿಸಿದ್ದರು. ಎರಡು ಲಕ್ಷ ಹಾನಿ, ಐದರೊಳಗೇ ಇದೆಯಲ್ಲ, ಪೂರ್ತಿ ಬರುತ್ತದೆ ಅಂದುಕೊಂಡಿದ್ದರು. ಬಂದದ್ದು ಒಂದು ಲಕ್ಷ. ಅರ್ಧ ಮಾಡಿಸಿದವನಿಗೆ ಅರ್ಧವೇ ಪರಿಹಾರ, ಇದು ವಿಮೆಯವರ ಹಳೆಯ ಲೆಕ್ಕ. ಹೊಸ ಪಾಲಿಸಿಯಲ್ಲಿ ಶೇಕಡಾ 15ರಷ್ಟು ಕಡಿಮೆ ತೋರಿಸಿದ್ದರೆ ಮಾಫಿ, ಅದಕ್ಕಿಂತ ಹೆಚ್ಚಾದರೆ ಇಲ್ಲ. ಗೋಡೌನಿನ ವಿಳಾಸವೂ ಪಾಲಿಸಿಯಲ್ಲಿ ಇರಬೇಕು. ಬ್ಯಾಂಕಿನವರು ಸಾಲದ ಜೊತೆ ಪ್ರೀಮಿಯಂ ಕಡಿದುಕೊಂಡಿದ್ದರೆ ಕಾಗದ ತರಿಸಿ ಓದಿ, ಎಷ್ಟೋ ಸಲ ಅದರಲ್ಲಿ ಬಿಟ್ಟುಬಂದ ಹಳೆ ಜಾಗವೇ ಇರುತ್ತದೆ.

2025ರ ಜುಲೈಯಲ್ಲಿ ತಮ್ಮ ಫೋನು ಮಾಡಿದ್ದ. ಯುಪಿಐ ಲೆಕ್ಕ ಹಿಡಿದು ಕರ್ನಾಟಕದಲ್ಲಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋಗುತ್ತಿದ್ದ ಸಮಯ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸಂತೆ, ಬೆಂಗಳೂರಿನಲ್ಲಿ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಅಂತ ಬರೆದಿದ್ದಾರಂತೆ, ‘ನಾನೂ ಕಿತ್ತು ಹಾಕಲೇನಣ್ಣಾ?’ ಅಂದ. ತರಕಾರಿಗೆ ತೆರಿಗೆಯೇ ಇಲ್ಲ, ತೆರಿಗೆ ಬೀಳುವ ಸರಕಿಗೂ ವರ್ಷಕ್ಕೆ 40 ಲಕ್ಷದವರೆಗೆ, ಸೇವೆಗಾದರೆ 20 ಲಕ್ಷದವರೆಗೆ ನೋಂದಣಿಯೇ ಬೇಡ. ಆಮೇಲೆ ಮುಖ್ಯಮಂತ್ರಿಗಳೂ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಚೀಟಿ ಕಿತ್ತರೆ ಹಿಂದಿನ ಲೆಕ್ಕ ಹೋಗುವುದಿಲ್ಲ, ಯಾವುದು ಮಾರಿದ ದುಡ್ಡು, ಯಾವುದು ಮನೆಯ ಕೈಗಡ ಅಂತ ಬರೆದಿಡು, ಅಂಗಡಿಗೆ ಬೇರೆ ಖಾತೆ ಮಾಡು ಅಂದೆ. ‘ನೀ ಪುಣಾದಾಗ ಕುಂತು ಹೇಳ್ತಿ’ ಅಂದ. ಆದರೂ ಖಾತೆ ಮಾಡಿಸಿದ.

ನನ್ನ ಪ್ರೆಸ್ಸಿನಲ್ಲಿ ನಾಲ್ಕು ಜನ. ಅಪಘಾತದ ಪಾಲಿಸಿಯ ಮೇಲೆ ಸರ್ಕಾರದ ಎರಡು ಸಣ್ಣ ವಿಮೆಗಳನ್ನೂ ಮಾಡಿಸಿದ್ದೇನೆ. 20 ರೂಪಾಯಿಯ ಸುರಕ್ಷಾ ಬಿಮಾ, 436ರ ಜೀವನ ಜ್ಯೋತಿ, ಎರಡಕ್ಕೂ ಎರಡೆರಡು ಲಕ್ಷ. ಒಂದೇ ತೊಂದರೆ ಏನೆಂದರೆ ಹುಡುಗರ ಖಾತೆ ಊರಿನ ಬ್ಯಾಂಕಿನಲ್ಲಿ, ಸಂಬಳ ಬಂದ ದಿನವೇ ಮನೆಯವರು ಪೂರ್ತಿ ತೆಗೆದುಬಿಡುತ್ತಾರೆ. ಮೇ ಕೊನೆಗೆ ಪ್ರೀಮಿಯಂ ಕಡಿಯುವ ಹೊತ್ತಿಗೆ ಖಾತೆ ಖಾಲಿ ಇದ್ದರೆ ವಿಮೆ ನಿಂತೇ ಹೋಗುತ್ತದೆ. ಅದಕ್ಕೇ ಮೇ 20ರ ಸುಮಾರಿಗೆ ಒಬ್ಬೊಬ್ಬರ ಖಾತೆಗೂ 500 ರೂಪಾಯಿ ಹಾಕಿ, ತೆಗೀಬ್ಯಾಡ್ರಿ ಅಂತ ಮನೆಗೇ ಫೋನು ಮಾಡಿಸುತ್ತೇನೆ.

ಅರ್ಜಿ ತುಂಬುವಾಗ ಬ್ಯಾಂಕಿನ ಮರಾಠಿ ಹುಡುಗಿ ನಾಲ್ಕೂ ಆಧಾರ್ ಕಾರ್ಡು ಪಕ್ಕಪಕ್ಕ ಇಟ್ಟು ನಕ್ಕಿದ್ದಳು. ನಾಲ್ವರೂ ಜೂನ್ 1ಕ್ಕೆ ಹುಟ್ಟಿದವರು! ನಮ್ಮ ಕಡೆ ಸಾಲಿಗೆ ಹಾಕುವಾಗ ಮಾಸ್ತರರು ಎಲ್ಲರಿಗೂ ಅದೇ ತಾರೀಕು ಬರೆಯುತ್ತಿದ್ದರು ಅಂತ ಅವಳಿಗೆ ಹೇಳಿದೆ. ವಿಮೆಯ ವರ್ಷ ಶುರುವಾಗುವುದೂ ಜೂನ್ 1ಕ್ಕೇ. ಅವತ್ತು ಹುಡುಗರಿಗೆ ಚಿತಳೆಯವರ ಬಾಕರವಡಿ ತರಿಸುತ್ತೇನೆ, ನಾಲ್ಕು ಜನರ ಹುಟ್ಟುಹಬ್ಬ ಒಂದೇ ಪಾಕೀಟಿನಲ್ಲಿ ಮುಗಿಯುತ್ತದೆ.